ಮನೆ ತುಂಬ ಭಾಷೆ, ಮಗುವಿಗೆ ಮಾತು ತಡ: ಕನ್ನಡ ಬಿಡಬೇಕಾ?

ಪ್ರಶ್ನೆ: ಮೇಡಂ, ನಾವು ಡೊಂಬಿವಲಿಯಲ್ಲಿ ಇದ್ದೇವೆ. ನನ್ನ ತವರು ಧಾರವಾಡ. ಗಂಡನ ಮನೆಯವರು ಉಡುಪಿ ಕಡೆಯವರು, ಮನೆಮಾತು ತುಳು. ನಮ್ಮ ಯಜಮಾನರು ಹುಟ್ಟಿ ಬೆಳೆದದ್ದು ಮುಂಬೈಯಲ್ಲೇ. ಮಗನಿಗೆ ಈಗ 21 ತಿಂಗಳು. ನಾನು ಅವನ ಜೊತೆ ಕನ್ನಡ ಮಾತಾಡುತ್ತೇನೆ, ಅತ್ತೆ ತುಳು, ನೋಡಿಕೊಳ್ಳುವ ಮೌಶಿ ಮರಾಠಿ. ಬಿಲ್ಡಿಂಗಿನಲ್ಲಿ ಎಲ್ಲ ಹಿಂದಿ. ಎರಡು ತಿಂಗಳಿಂದ ವಾರಕ್ಕೆ ಮೂರು ದಿನ ಪ್ಲೇಗ್ರೂಪಿಗೆ ಹೋಗುತ್ತಾನೆ, ಅಲ್ಲಿ ಇಂಗ್ಲಿಷ್. ಕನ್ನಡದಲ್ಲಿ ಅವನು ಹೇಳುವುದು ಮೂರೇ ಮಾತು: ‘ಅವ್ವಾ’, ‘ಬಾ’, ಹಾಲಿಗೆ ‘ಆಲು’. ಎದುರು ಮನೆಯ ಹುಡುಗಿ ಇವನಿಗಿಂತ ಒಂದು ತಿಂಗಳು ಚಿಕ್ಕವಳು. ಅವಳು ಆಗಲೇ ಎರಡೆರಡು ಪದ ಸೇರಿಸಿ ಮಾತಾಡುತ್ತಾಳೆ.

ಪ್ಲೇಗ್ರೂಪಿನ ಟೀಚರ್ ‘ಇಷ್ಟು ಭಾಷೆ ಕೇಳಿ ಮಗು ಕನ್‌ಫ್ಯೂಸ್ ಆಗಿದೆ, ಮನೆಯಲ್ಲೂ ಇಂಗ್ಲಿಷ್ ಒಂದೇ ಮಾತಾಡಿ’ ಅಂದರು. ಯಜಮಾನರಿಗೂ ಅದೇ ಸರಿ ಅನ್ನಿಸಿದೆ, ಮುಂದೆ ಅಡ್ಮಿಷನ್‌ಗೂ ಅನುಕೂಲ ಅನ್ನುತ್ತಾರೆ. ಅತ್ತೆ ‘ನನ್ನ ಮಗ ಮೂರು ವರ್ಷಕ್ಕೆ ಮಾತಾಡಿದ್ದು, ಗಂಡುಮಕ್ಕಳು ಹಾಗೇ, ಸುಮ್ಮನಿರು’ ಅನ್ನುತ್ತಾರೆ. ನಮ್ಮ ಅವ್ವ ಊರಿಂದ ಬಜೆ ಬೇರು ಕಳಿಸಿದ್ದಾಳೆ, ಜೇನುತುಪ್ಪದಲ್ಲಿ ತೇದು ನಾಲಿಗೆಗೆ ಹಚ್ಚು ಅಂತ. ನಾಲಿಗೆ ಕೆಳಗಿನ ದಾರ ಕತ್ತರಿಸಬೇಕೇನೋ ಅಂತ ಇನ್ನೊಬ್ಬರು.

ಅವನಿಗೆ ಎಲ್ಲ ಅರ್ಥ ಆಗುತ್ತದೆ. ಚಪ್ಪಲಿ ತಾ ಅಂದರೆ ತರುತ್ತಾನೆ. ಅಪ್ಪನಿಗೆ ‘ಪಪ್ಪಾ’ ಅನ್ನುತ್ತಾನೆ. ಮೌಶಿ ಜೊತೆ ‘ನಕೊ’, ಕಾಗೆಗೆ ‘ಕಾಊ’, ಹೊರಗೆ ಹೋಗಬೇಕಾದರೆ ‘ಭೂರ್’ ಅನ್ನುತ್ತಾನೆ. ಅತ್ತೆ ತಿನ್ನಿಸಲು ಹೋದರೆ ‘ಬೋಚಿ’, ಬೆಕ್ಕು ಕಂಡರೆ ‘ಪುಚ್ಚೆ’. ಪ್ಲೇಗ್ರೂಪಿನಿಂದ ‘ಬಾಲ್’, ‘ಬಾಯ್’ ಕಲಿತಿದ್ದಾನೆ. ಕಿಟಕಿಯಿಂದ ಲೋಕಲ್ ರೈಲು ಕಂಡರೆ ಬೆರಳು ತೋರಿಸಿ ‘ಕೂ’ ಅನ್ನುತ್ತಾನೆ. ಆದರೆ ಟಿವಿ ನಡೆಯುವಾಗ ಎಷ್ಟು ಕೂಗಿದರೂ ತಿರುಗುವುದಿಲ್ಲ. ಈ ಮಳೆಗಾಲದಲ್ಲಿ ನೆಗಡಿ ಬಿಡಲೇ ಇಲ್ಲ, ಎರಡು ಸಲ ಕಿವಿನೋವಿಗೆ ಔಷಧಿ ಆಯಿತು. ಊಟ ಮಾತ್ರ ಮೊಬೈಲ್ ಇಲ್ಲದೆ ಆಗುವುದೇ ಇಲ್ಲ. ನಾನು ಬೆಳಿಗ್ಗೆ 7.40ಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ ಎಂಟಕ್ಕೆ. ನಾನು ಕನ್ನಡ ಬಿಡಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಕನ್ನಡ ಬಿಡಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ. ಯಾಕಂದರೆ ನೀವು ಸುಮ್ಮನೆ ಬರೆದುಬಿಟ್ಟ ಎರಡು ವಿಷಯ ಈ ಪತ್ರದಲ್ಲಿವೆ. ನನ್ನ ಕಣ್ಣು ಭಾಷೆಗಿಂತ ಜಾಸ್ತಿ ಅವುಗಳ ಮೇಲೇ ನಿಂತಿತು.

ಅದಕ್ಕೂ ಮುಂಚೆ ಒಂದು ಲೆಕ್ಕ. ‘ಮೂರೇ ಮಾತು’ ಅಂತ ಬರೆದಿದ್ದೀರಿ. ನಾನು ಪೆನ್ನು ಹಿಡಿದು ನಿಮ್ಮ ಪತ್ರದಲ್ಲೇ ಎಣಿಸಿದೆ. ಅವ್ವಾ, ಬಾ, ಆಲು, ಪಪ್ಪಾ, ನಕೊ, ಕಾಊ, ಭೂರ್, ಬೋಚಿ, ಪುಚ್ಚೆ, ಬಾಲ್, ಬಾಯ್. ಹನ್ನೊಂದು. ಲೋಕಲ್ ಕಂಡಾಗಲೆಲ್ಲ ‘ಕೂ’ ಅನ್ನುತ್ತಾನಲ್ಲ, ಅದೂ ಮಾತೇ. ಒಂದು ವಸ್ತುವಿಗೆ ಪ್ರತಿ ಸಲವೂ ಅದೇ ಸದ್ದು ಬಳಸಿದರೆ ಮಾತಿನ ಥೆರಪಿ ಮಾಡುವ ನಾವು ಅದನ್ನು ಮಾತು ಅಂತಲೇ ಬರೆದುಕೊಳ್ಳುತ್ತೇವೆ. ‘ಹಾಲು’ ‘ಆಲು’ ಆದರೂ ಪರವಾಗಿಲ್ಲ. ಅಲ್ಲಿಗೆ ಹನ್ನೆರಡು.

ಈ ತಪ್ಪು ನಿಮ್ಮೊಬ್ಬರದಲ್ಲ. ಹೆಚ್ಚುಕಡಿಮೆ ಎಲ್ಲ ತಾಯಂದಿರೂ ತಮ್ಮ ಭಾಷೆಯ ಮಾತನ್ನು ಮಾತ್ರ ಎಣಿಸುತ್ತಾರೆ. ತುಳು ಅಜ್ಜಿಯ ಲೆಕ್ಕ ಬೇರೆ, ಮೌಶಿಯ ಲೆಕ್ಕ ಬೇರೆ. ಮಗುವಿನ ತಲೆಯಲ್ಲಿರುವುದು ಮಾತ್ರ ಒಂದೇ ಡಬ್ಬಿ. ಹಲವು ಭಾಷೆ ಕೇಳಿ ಬೆಳೆಯುವ ಮಗುವಿನ ಮಾತು ಎಣಿಸುವಾಗ ಎಲ್ಲ ಭಾಷೆಯದನ್ನೂ ಕೂಡಿಸಬೇಕು. ಒಂದೊಂದೇ ಭಾಷೆಯಲ್ಲಿ ಅಳೆದರೆ ಎಲ್ಲದರಲ್ಲೂ ಕಡಿಮೆ ಕಾಣುತ್ತದೆ.

ಇನ್ನೊಂದು ಚಂದದ ಸಂಗತಿ ನೀವೇ ಬರೆದು ನೀವೇ ಗಮನಿಸಿಲ್ಲ. ‘ನಕೊ’ ಅಂದರೂ ಬೇಡ, ‘ಬೋಚಿ’ ಅಂದರೂ ಬೇಡ. ಮೌಶಿಗೆ ಒಂದು, ಅಜ್ಜಿಗೆ ಇನ್ನೊಂದು. ಯಾರಿಗೆ ಯಾವುದು ಅರ್ಥವಾಗುತ್ತದೆ ಅಂತ 21 ತಿಂಗಳ ಹುಡುಗ ಆರಿಸಿಕೊಂಡು ಮಾತಾಡುತ್ತಿದ್ದಾನೆ. ಇವನನ್ನು ಕನ್‌ಫ್ಯೂಸ್ ಆಗಿದ್ದಾನೆ ಅನ್ನುವುದು ಹೇಗೆ?

ಹಾಗಾದರೆ ಚಿಂತೆ ಬೇಡವಾ? ಹಾಗೂ ಹೇಳಲಾರೆ. ಎರಡು ವರ್ಷ ತುಂಬುವಾಗ ಸುಮಾರು 50 ಮಾತು, ಜೊತೆಗೆ ‘ಅವ್ವ ಬಾ’, ‘ಹಾಲು ಬೇಕು’ ಅಂತ ಎರಡು ಪದದ ಜೋಡಣೆ, ಇದು ನಾವು ಕ್ಲಿನಿಕ್‌ನಲ್ಲಿ ಬಹಳ ಕಾಲದಿಂದ ಇಟ್ಟುಕೊಂಡ ಅಳತೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ತನ್ನ ಪಟ್ಟಿ ಬದಲಿಸಿದಾಗ 50 ಮಾತನ್ನು ಎರಡೂವರೆ ವರ್ಷಕ್ಕೆ ಇಟ್ಟಿತು. ಎರಡು ಪದ ಸೇರಿಸುವುದನ್ನು ಎರಡು ವರ್ಷಕ್ಕೇ ಇಟ್ಟಿತು. ಯಾವ ಪಟ್ಟಿ ಹಿಡಿದರೂ ನಿಮ್ಮ ಮಗ ಸ್ವಲ್ಪ ಹಿಂದಿನ ಬೆಂಚಿನಲ್ಲಿದ್ದಾನೆ. ತರಗತಿಯ ಹೊರಗಿಲ್ಲ. ಮೂರು ತಿಂಗಳು ಕೈಯಲ್ಲಿದೆ. ಈ ಮೂರು ತಿಂಗಳನ್ನು ಹೇಗೆ ಬಳಸುತ್ತೀರಿ ಅನ್ನುವುದೇ ಈಗಿನ ವಿಷಯ.

ಅವನು ಬೆರಳು ತೋರಿಸುತ್ತಾನೆ ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ಅರ್ಧ ಸಮಾಧಾನ ಆಯಿತು. ಲೋಕಲ್ ಬೇಕು ಅಂತ ಅವನು ತೋರಿಸುತ್ತಿಲ್ಲ, ನೀವೂ ನೋಡಿ ಅಂತ ತೋರಿಸುತ್ತಿದ್ದಾನೆ. ಮಾತಿನ ಬೇರು ಅಲ್ಲಿದೆ. 18 ತಿಂಗಳಾದರೂ ಬೆರಳು ತೋರಿಸದ, ಒಂದು ವರ್ಷವಾದರೂ ಹೆಸರಿಗೆ ತಿರುಗದ, ಮುಖ ನೋಡಿ ನಗದ ಮಗುವಾದರೆ ನಾನು ಈ ಉತ್ತರವನ್ನೇ ಬೇರೆ ಥರ ಬರೆಯುತ್ತಿದ್ದೆ. ಇದ್ದ ಮಾತು ಹೋಗಿಬಿಟ್ಟರಂತೂ ಯಾವ ವಯಸ್ಸಾದರೂ ಒಂದು ವಾರವೂ ಕಾಯಬಾರದು.

ಈಗ ಟೀಚರ್ ಮಾತಿಗೆ ಬರೋಣ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ‘ಒಂದೇ ಭಾಷೆ ಮಾತಾಡಿ’ ಅನ್ನುವುದು ಆಗ ಡಾಕ್ಟರು, ಟೀಚರು, ಥೆರಪಿಸ್ಟು ಎಲ್ಲರ ಬಾಯಲ್ಲೂ ಇತ್ತು. ಠಾಣೆಯ ಒಂದು ಕುಟುಂಬಕ್ಕೆ ನಾನೇ ಹಾಗೆ ಹೇಳಿ ಕಳಿಸಿದ್ದೆ. ಆರು ತಿಂಗಳ ನಂತರ ಅವರು ಬಂದಾಗ ಮಗುವಿನ ಮಾತು ಅಲ್ಲೇ ಇತ್ತು. ಅಜ್ಜಿ ಮಾತ್ರ ಮಗುವಿನ ಹತ್ತಿರ ಮಾತಾಡುವುದನ್ನೇ ನಿಲ್ಲಿಸಿದ್ದರು. ‘ನನಗೆ ಇಂಗ್ಲಿಷ್ ಬರೋದಿಲ್ಲಮ್ಮ, ನನ್ನಿಂದ ಮಗೂಗೆ ತೊಂದರೆ ಆಗೋದು ಬೇಡ’ ಅಂದರು. ಆ ಮುಖ ಇನ್ನೂ ಮರೆತಿಲ್ಲ.

ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಎರಡು ಭಾಷೆ ಕೇಳುವ ಮಕ್ಕಳೂ ಮೊದಲ ಮಾತನ್ನು ಹೆಚ್ಚುಕಡಿಮೆ ಅದೇ ವಯಸ್ಸಿಗೆ ಆಡುತ್ತಾರೆ. ಮಾತಿನಲ್ಲಿ ನಿಜವಾಗಿ ತೊಂದರೆ ಇರುವ ಮಗುವಿಗೆ ಅದು ಒಂದು ಭಾಷೆ ಇದ್ದರೂ ಇರುತ್ತದೆ, ನಾಲ್ಕಿದ್ದರೂ ಇರುತ್ತದೆ. ಭಾಷೆ ಕಳೆದರೆ ತೊಂದರೆ ಕಳೆಯುವುದಿಲ್ಲ. ಹುಟ್ಟಿದ ಕೂಸು ಕೂಡ ತಾಯಿಯ ಭಾಷೆಯ ಲಯವನ್ನು ಬೇರೆ ಭಾಷೆಯಿಂದ ಗುರುತಿಸುತ್ತದೆ. ಹೊಟ್ಟೆಯಲ್ಲಿದ್ದಾಗಲೇ ಕೇಳಿಸಿಕೊಂಡಿರುತ್ತದಲ್ಲ. ಮುಂದೆ ನಿಮ್ಮ ಮಗ ‘ಅವ್ವಾ ಚಲ್’, ‘ಬಾಲ್ ಬೋಚಿ’ ಅಂತ ಕಲಸಿ ಮಾತಾಡುತ್ತಾನೆ. ಆಗ ಗಾಬರಿ ಬೇಡ. ಮುಂಬೈ ಕನ್ನಡಿಗರು ನಾವೆಲ್ಲ ಮಾತಾಡುವುದೇ ಹಾಗೆ, ಅಲ್ವಾ?

ಮನೆಯಲ್ಲಿ ಇಂಗ್ಲಿಷ್ ಒಂದೇ ಮಾಡಿಕೊಂಡರೆ ಏನಾಗುತ್ತದೆ? ನಿಮ್ಮನ್ನೇ ಕೇಳಿಕೊಳ್ಳಿ. ಮಗು ಬಿದ್ದಾಗ, ಮುದ್ದು ಬಂದಾಗ, ಸಿಟ್ಟು ಬಂದಾಗ ನಿಮ್ಮ ಬಾಯಲ್ಲಿ ಬರುವುದು ಯಾವುದು? ಬರದ ಭಾಷೆಯಲ್ಲಿ ನಾವು ಆಡುವುದು ‘ಕಮ್’, ‘ಗೋ’, ‘ಈಟ್’, ‘ಡೋಂಟ್ ಟಚ್’. ಅದು ಹುಕುಂ, ಮಾತುಕತೆ ಅಲ್ಲ. ಮಗುವಿಗೆ ಬೇಕಾದದ್ದು ದಂಡಿಯಾಗಿ ಹರಿಯುವ ಮಾತು: ಕತೆ, ತಮಾಷೆ, ಗೊಣಗಾಟ ಎಲ್ಲ. ಅದು ನಿಮಗೆ ಬರುವುದು ಕನ್ನಡದಲ್ಲಿ, ಅತ್ತೆಗೆ ತುಳುವಿನಲ್ಲಿ.

ಯಜಮಾನರಿಗೆ ನನ್ನ ಕಡೆಯಿಂದ ಇಷ್ಟು ಹೇಳಿ. ಇಂಗ್ಲಿಷ್ ಕಲಿಸಲು ಶಾಲೆ ಇದೆ. ಹಿಂದಿಗೆ ಲಿಫ್ಟು, ರಿಕ್ಷಾ, ಬಿಲ್ಡಿಂಗಿನ ಮಕ್ಕಳು ಇದ್ದಾರೆ. ಮರಾಠಿಗೆ ಮೌಶಿ ಇದ್ದಾರೆ. 2020ರ ಕಾನೂನಿನ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯವೂ ಹೌದು. ಈ ಊರಿನಲ್ಲಿ ನಿಮ್ಮ ಮಗನ ಕನ್ನಡಕ್ಕೆ ಇರುವುದು ನೀವೊಬ್ಬರೇ, ತುಳುವಿಗೆ ಅವರು ಮತ್ತು ಅವರ ತಾಯಿ. ಅವರು ತುಳುವಿನಲ್ಲೇ ಬೆಳೆದು ಮುಂಬೈಯಲ್ಲಿ ಓದಿ ಕೆಲಸ ಹಿಡಿದರಲ್ಲ? ಮನೆಮಾತು ಗಟ್ಟಿ ಇರುವ ಮಕ್ಕಳು ಶಾಲೆಯ ಇಂಗ್ಲಿಷನ್ನು ಕೆಲವೇ ತಿಂಗಳಲ್ಲಿ ಹಿಡಿಯುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಒಬ್ಬರು ಒಂದೇ ಭಾಷೆ ಮಾತಾಡಬೇಕು ಅನ್ನುವ ಪದ್ಧತಿ ಬಗ್ಗೆಯೂ ಕೇಳಿರಬಹುದು. ಒಳ್ಳೆಯದೇ, ನಿಮ್ಮ ಮನೆಯಲ್ಲಿ ತಾನಾಗಿ ನಡೆಯುತ್ತಿದೆ. ಆದರೆ ಅದು ವ್ರತ ಅಲ್ಲ. ನಡುವೆ ಒಂದು ಹಿಂದಿ ಪದ ಬಂದರೆ ನಾಲಿಗೆ ಕಚ್ಚಿಕೊಳ್ಳಬೇಕಿಲ್ಲ.

ಉಳಿದ ಸಲಹೆಗಳನ್ನು ಬೇಗ ಮುಗಿಸುತ್ತೇನೆ. ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಸ್ವಲ್ಪ ತಡ, ನಿಜ. ಆದರೆ ಆ ಅಂತರ ಸರಾಸರಿ ಒಂದೆರಡು ತಿಂಗಳಷ್ಟೇ, ಒಂದು ವರ್ಷ ಅಲ್ಲ. ‘ಅವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು’ ಅನ್ನುವ ಅತ್ತೆಯ ಮಾತು ನಮಗೆ ಸಮಾಧಾನಕ್ಕಿಂತ ಮಾಹಿತಿ. ಮಾತು ತಡವಾಗುವುದು ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ. ತಡವಾಗಿ ಮಾತಾಡಿದ ಎಷ್ಟೋ ಮಕ್ಕಳು ತಾವಾಗಿಯೇ ದಾರಿಗೆ ಬರುತ್ತಾರೆ. ತೊಂದರೆ ಏನೆಂದರೆ, ಯಾವ ಮಗು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಎರಡು ವರ್ಷಕ್ಕೆ ಮುಖ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ನನಗೂ ಆಗುವುದಿಲ್ಲ.

ನಾಲಿಗೆಯ ದಾರದ ವಿಷಯ. ಅವನು ಮೊಲೆಹಾಲು ಸರಿಯಾಗಿ ಕುಡಿದಿದ್ದರೆ, ತುಟಿಗೆ ಅಂಟಿದ ಬೆಲ್ಲವನ್ನು ನಾಲಿಗೆಯಿಂದ ನೆಕ್ಕಿಕೊಳ್ಳುತ್ತಿದ್ದರೆ ಅದನ್ನು ಮರೆತುಬಿಡಿ. ದಾರ ಬಿಗಿ ಇದ್ದರೆ ಕೆಲವು ಅಕ್ಷರ ಸ್ಪಷ್ಟ ಬಾರದೆ ಇರಬಹುದು. ಮಾತೇ ಹುಟ್ಟದಂತೆ ಅದು ತಡೆಯುವುದಿಲ್ಲ.

ಬಜೆ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ಅದರಲ್ಲಿ ನಿಮ್ಮ ಅವ್ವನ ಪ್ರೀತಿ ಇದೆ. ನಮ್ಮ ಮನೆಯಲ್ಲೂ ತೇಯುತ್ತಿದ್ದರು. ಬಜೆ ಹಚ್ಚಿದ ಮಕ್ಕಳು ಮಾತಾಡಿದ್ದು ಹೌದು. ಹಚ್ಚದ ಮಕ್ಕಳೂ ಮಾತಾಡಿದರು. ಮಾತು ನಾಲಿಗೆಯಲ್ಲಿ ತಯಾರಾಗುವುದಿಲ್ಲ, ಕಿವಿಯಿಂದ ಮಿದುಳಿಗೆ ಹೋಗಿ ಅಲ್ಲಿಂದ ನಾಲಿಗೆಗೆ ಬರುತ್ತದೆ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಅದು ಗಡ್ಡೆಗಳಿಗೆ ಕಾರಣವಾಯಿತು ಅಂತ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿದೆ. ಒಂದು ಸಲ ಹಚ್ಚಿದ್ದರೆ ಕೈಕಾಲು ಬಿಡಬೇಡಿ. ಆದರೆ ದಿನಾ ತೇಯುವುದು ಬೇಡ. ಇನ್ನು ಜೇನುತುಪ್ಪ. ನಿಮ್ಮ ಮಗನಿಗೆ ವರ್ಷ ದಾಟಿರುವುದರಿಂದ ಆ ಭಯ ಇಲ್ಲ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಒಂದು ಹನಿಯೂ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಬಾಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು. ಊರಲ್ಲಿ ಹೊಸ ಬಾಣಂತಿ ಯಾರಾದರೂ ಇದ್ದರೆ ಅವ್ವನಿಗೆ ಇದನ್ನು ಹೇಳಿಡಿ.

ಈಗ ನನ್ನ ಕಣ್ಣು ನಿಂತ ಆ ಎರಡು ವಿಷಯ.

ಮೊದಲನೆಯದು ಕಿವಿ. ಮಳೆಗಾಲ ಪೂರ್ತಿ ನೆಗಡಿ, ಎರಡು ಸಲ ಕಿವಿನೋವು, ಟಿವಿ ನಡೆಯುವಾಗ ಕೂಗಿದರೆ ತಿರುಗುವುದಿಲ್ಲ. ಮೂರೂ ಸಾಲಾಗಿ ಓದಿದರೆ ನನಗೆ ಬೇರೆಯೇ ಚಿತ್ರ ಕಾಣುತ್ತದೆ. ಮಕ್ಕಳ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಳಿಕೆ ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿದಂತಿರುತ್ತದೆ. ನೆಗಡಿಯಾದಾಗ ಅದು ಕಟ್ಟಿಕೊಂಡು ಕಿವಿತಮಟೆಯ ಹಿಂದೆ ನೀರು ನಿಲ್ಲುತ್ತದೆ. ನೋವು ಹೋಗುತ್ತದೆ, ಜ್ವರ ಹೋಗುತ್ತದೆ, ನೀರು ಮಾತ್ರ ವಾರಗಟ್ಟಲೆ ಅಲ್ಲೇ ಇರಬಹುದು. ಆಗ ಮಗುವಿಗೆ ಲೋಕ ಹೇಗೆ ಕೇಳುತ್ತದೆ ಗೊತ್ತಾ? ಎರಡೂ ಕಿವಿಗೆ ಬೆರಳು ಇಟ್ಟುಕೊಂಡು ಯಾರನ್ನಾದರೂ ಮಾತಾಡಿಸಿ ನೋಡಿ. ಮಾತು ಕೇಳುತ್ತದೆ, ಆದರೆ ಮಸುಕು. ‘ಸ’, ‘ಶ’, ‘ಹ’ ಥರದ ಮೆಲ್ಲನೆಯ ಸದ್ದುಗಳು ಕಳೆದುಹೋಗುತ್ತವೆ.

‘ಇಲ್ಲ ಮೇಡಂ, ಅವನಿಗೆ ಚೆನ್ನಾಗಿ ಕೇಳುತ್ತೆ, ಬಾಗಿಲು ಬಡಿದರೆ ಬೆಚ್ಚುತ್ತಾನೆ’ ಅಂತ ತಂದೆತಾಯಿ ಹೇಳುತ್ತಾರೆ. ಬಾಗಿಲು ಬಡಿದ ಸದ್ದು ದೊಡ್ಡದು. ಅದು ಕೇಳಿದ ಮಾತ್ರಕ್ಕೆ ಮಾತು ಬಿಡಿಸಿ ಕೇಳುತ್ತದೆ ಅನ್ನಲಾಗದು. ಹುಟ್ಟಿದಾಗ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಪಾಸಾಗಿದ್ದರೂ ಈ ನೀರು ಆಮೇಲೆ ಬಂದದ್ದು. ‘ಎಲ್ಲ ಅರ್ಥ ಆಗುತ್ತದೆ’ ಅನ್ನುವುದನ್ನೂ ಒಂದು ಸಲ ಪರೀಕ್ಷಿಸಿ. ಚಪ್ಪಲಿ ತಾ ಅನ್ನುವಾಗ ನಿಮ್ಮ ಕೈ ಚಪ್ಪಲಿ ಸ್ಟ್ಯಾಂಡಿನ ಕಡೆ ತೋರಿಸುತ್ತಿರುತ್ತದಾ? ನೀವು ಆಗ ಹೊರಡುವ ಸೀರೆಯಲ್ಲಿ ಇರುತ್ತೀರಾ? ಮಕ್ಕಳು ಮಾತಿಗಿಂತ ಮುಂಚೆ ಸಂದರ್ಭ ಓದುತ್ತಾರೆ. ಟಿವಿ ಆರಿಸಿ, ಅವನ ಹಿಂದೆ ನಿಂತು, ಕೈ ಕಟ್ಟಿಕೊಂಡು, ಮೆಲ್ಲನೆ ‘ಬಾಲ್ ಎಲ್ಲಿ?’ ಅಂತ ಕೇಳಿ. ಬೇರೆ ಬೇರೆ ದಿನ ನಾಲ್ಕೈದು ಸಲ ಮಾಡಿ.

ಇದು ಮನೆಯ ಅಂದಾಜು. ಏನೇ ಬಂದರೂ ನಿಜವಾದ ಪರೀಕ್ಷೆ ಮಾಡಿಸಿಬಿಡಿ. ಕಿವಿಯ ಡಾಕ್ಟರು ಒಳಗೆ ನೋಡುತ್ತಾರೆ. ಟಿಂಪನೋಮೆಟ್ರಿಯಲ್ಲಿ ತಮಟೆಯ ಹಿಂದೆ ನೀರಿದೆಯೋ ಇಲ್ಲವೋ ತಿಳಿಯುತ್ತದೆ. ಒಳಕಿವಿ ಸದ್ದಿಗೆ ಸ್ಪಂದಿಸುತ್ತದಾ ಅಂತ ನೋಡುವ ಒಎಇ ಪರೀಕ್ಷೆಗೆ ಕಿವಿಯೊಳಗೆ ಸಣ್ಣ ಮೆದು ತುದಿ ಇಡುತ್ತಾರೆ, ಕೆಲವೇ ನಿಮಿಷ, ನೋವಿಲ್ಲ. ಸಂಶಯ ಇದ್ದರೆ ಸದ್ದು ಕಿವಿಯಿಂದ ಮಿದುಳಿಗೆ ಮುಟ್ಟುತ್ತದಾ ಅಂತ ನೋಡುವ ಬೆರಾ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಮಗು ನಿದ್ದೆಯಲ್ಲಿರಬೇಕು. ನೀರಿದೆ ಅಂದರೂ ಹೆದರಬೇಡಿ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಇಳಿಯದೆ ಎರಡೂ ಕಿವಿಯಲ್ಲಿ ಉಳಿದು ಕೇಳುವಿಕೆ ಕಡಿಮೆಯಾಗಿದ್ದರೆ ಡಾಕ್ಟರು ಸಣ್ಣ ಆಪರೇಷನ್ ಮಾತೆತ್ತಬಹುದು. ಆಗ ನಾಲ್ಕು ಪ್ರಶ್ನೆ ಕೇಳಿ, ಬೇಕಾದರೆ ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಿ. ಒಂದು ಮಾತು ನೆನಪಿರಲಿ: ಕಿವಿಗೆ ಎಣ್ಣೆ ಬಿಸಿ ಮಾಡಿ ಹಾಕುವುದರಿಂದ ಈ ನೀರು ಹೋಗುವುದಿಲ್ಲ, ಅದು ತಮಟೆಯ ಆಚೆ ಬದಿಯಲ್ಲಿದೆ.

ಎರಡನೆಯದು ಟಿವಿ ಮತ್ತು ಮೊಬೈಲ್. ಬೈಯುತ್ತೇನೆ ಅಂದುಕೊಳ್ಳಬೇಡಿ. ಎರಡು ಕೋಣೆಯ ಮನೆ, ಕೆಳಗೆ ಆಡಲು ಜಾಗ ಇಲ್ಲ, ಜಿಟಿಜಿಟಿ ಮಳೆ, ವಯಸ್ಸಾದ ಅತ್ತೆ, ಊಟ ಮಾಡದ ಮಗು. ಮೊಬೈಲ್ ಯಾಕೆ ಬಂತು ಅಂತ ನನಗೆ ಗೊತ್ತಿದೆ. ಆದರೆ ಅದು ಏನು ಮಾಡುತ್ತದೆ ಅನ್ನುವುದೂ ನಿಮಗೆ ಗೊತ್ತಿರಬೇಕು.

2003ರಲ್ಲಿ, ಕೂಸುಗಳು ಭಾಷೆ ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ವಿಜ್ಞಾನಿ ಪಟ್ರೀಶಿಯಾ ಕೂಲ್ ಮತ್ತು ಅವರ ತಂಡ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನಿ ಭಾಷೆಯವರು ಕೂತು 12 ಸಲ ಆಟ ಆಡಿದರು, ಪುಸ್ತಕ ಓದಿದರು. ಆ ಕೂಸುಗಳು ಚೀನಿ ಭಾಷೆಯ ಸದ್ದುಗಳನ್ನು ಬಿಡಿಸಿ ಕೇಳಲು ಕಲಿತವು. ಇನ್ನೊಂದು ಗುಂಪಿಗೆ ಅದನ್ನೇ ಟಿವಿಯಲ್ಲಿ ತೋರಿಸಿದರು. ಅವು ಏನೂ ಕಲಿಯಲಿಲ್ಲ. ಅಕ್ಷರಶಃ ಏನೂ ಇಲ್ಲ. ಪರದೆ ಮಗುವಿನ ಕಣ್ಣಿಗೆ ಕಣ್ಣು ಕೊಡುವುದಿಲ್ಲ, ‘ಆಲು’ ಅಂದರೆ ‘ಹಾಲು ಬೇಕಾ ಕಂದಾ’ ಅಂತ ಕೇಳುವುದಿಲ್ಲ. ಬಣ್ಣದ ಹಾಡಿನ ವಿಡಿಯೋ ನೋಡಿ ಮಗು ಎಬಿಸಿಡಿ ಒಪ್ಪಿಸಬಹುದು. ಅದು ಮಾತಲ್ಲ.

ಮಗು ನೋಡದಿದ್ದರೂ ಹಿಂದೆ ಹರಟುವ ಟಿವಿ ಇನ್ನೂ ಕಳ್ಳ. 2009ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನ ಮಕ್ಕಳ ಅಂಗಿಯಲ್ಲಿ ರೆಕಾರ್ಡರ್ ಇಟ್ಟು ಎಣಿಸಿತು. ಮನೆಯಲ್ಲಿ ಟಿವಿಯ ಸದ್ದು ಇದ್ದ ಪ್ರತಿ ಗಂಟೆಗೆ ಮಗು ದೊಡ್ಡವರಿಂದ ಕೇಳುವ ಮಾತು ಸುಮಾರು 770 ಪದದಷ್ಟು ಕಡಿಮೆಯಾಗುತ್ತಿತ್ತು. ಟಿವಿ ಹತ್ತಿದರೆ ನಾವು ಬಾಯಿ ಮುಚ್ಚುತ್ತೇವೆ, ಅಷ್ಟೇ ಕತೆ. ಎರಡು ವರ್ಷ ತುಂಬುವವರೆಗೆ ಪರದೆ ಬೇಡ ಅಂತ ನಮ್ಮ ದೇಶದ ಶಿಶುವೈದ್ಯರ ಸಂಘ ಹೇಳುತ್ತದೆ. ಮನೆಯವರ ಜೊತೆ ವಿಡಿಯೋ ಕಾಲ್‌ಗೆ ಮಾತ್ರ ವಿನಾಯಿತಿ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೂ ದಿನಕ್ಕೆ ಒಂದು ಗಂಟೆ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ.

ಎಲ್ಲ ಒಂದೇ ದಿನ ನಿಲ್ಲಿಸಿ ಅನ್ನುವುದಿಲ್ಲ, ಮೂರು ದಿನಕ್ಕೆ ನೀವೇ ಸೋತು ಕೊಡುತ್ತೀರಿ. ಮೊದಲು ರಾತ್ರಿ ಊಟದಿಂದ ಶುರು ಮಾಡಿ, ನೀವು ಮನೆಯಲ್ಲಿ ಇರುವಾಗ. ಎಲ್ಲರೂ ಕೆಳಗೆ ಕೂತು ಊಟ ಮಾಡಿ, ಅವನಿಗೂ ಒಂದು ತಟ್ಟೆ. ಅನ್ನ ಚೆಲ್ಲಲಿ. ಮೊದಲ ನಾಲ್ಕೈದು ದಿನ ಅಳುತ್ತಾನೆ, ಎರಡು ತುತ್ತು ಕಡಿಮೆ ತಿನ್ನುತ್ತಾನೆ. ಆರೋಗ್ಯವಾಗಿರುವ ಮಗು ಹಸಿವಾದಾಗ ತಿನ್ನುತ್ತದೆ. ತೂಕದ ಬಗ್ಗೆ ಮೊದಲೇ ಚಿಂತೆ ಇದ್ದರೆ ಮಾತ್ರ ನಿಮ್ಮ ಮಕ್ಕಳ ಡಾಕ್ಟರಿಗೆ ತಿಳಿಸಿ ಶುರು ಮಾಡಿ. ಅತ್ತೆಯ ಧಾರಾವಾಹಿಗೆ ಕೈ ಹಾಕಿ ಜಗಳ ತರಬೇಡಿ. ಮಗು ಮಲಗಿದ ಹೊತ್ತಿಗೆ ಅಥವಾ ಪ್ಲೇಗ್ರೂಪಿಗೆ ಹೋದಾಗ ನೋಡಲಿ. ‘ಅಮ್ಮಾ, ಅವನಿಗೆ ನಿಮ್ಮ ಮಾತು ಕೇಳಬೇಕಂತೆ, ಡಾಕ್ಟರು ಹೇಳಿದ್ದಾರೆ’ ಅಂತ ನನ್ನ ಮೇಲೆ ಹಾಕಿ. ಅತ್ತೆಯಂದಿರು ಈ ಮಾತಿಗೆ ಬೇಗ ಕರಗುತ್ತಾರೆ, ನನ್ನ ಅನುಭವ.

ನಿಮಗೆ ಸಿಗುವುದು ರಾತ್ರಿ ಎಂಟರಿಂದ ಮಲಗುವವರೆಗೆ. ಲೋಕಲ್‌ನಲ್ಲಿ ನಿಂತು ಬಂದ ಕಾಲಿಗೆ ಮತ್ತೆ ಪಾಠ ಮಾಡು ಅಂದರೆ ಯಾರಿಗೂ ಆಗುವುದಿಲ್ಲ. ಪಾಠ ಬೇಡವೇ ಬೇಡ. ‘ಇದೇನು? ಹೇಳು. ಅಂಕಲ್‌ಗೆ ಹೇಳಿ ತೋರಿಸು’ ಅನ್ನುವ ಪರೀಕ್ಷೆಗಳನ್ನು ಮೊದಲು ನಿಲ್ಲಿಸಿ. ಕೇಳಿದಷ್ಟೂ ಮಗು ಬಾಯಿ ಬಿಗಿಯುತ್ತದೆ. ಅದರ ಬದಲು ನೀವು ಮಾಡುತ್ತಿರುವುದನ್ನೇ ಮಾತಾಡುತ್ತಾ ಮಾಡಿ. ಚಪಾತಿ ಹಿಟ್ಟಿನ ಒಂದು ಉಂಡೆ ಅವನ ಕೈಗೆ ಕೊಡಿ. ‘ಹಿಟ್ಟು. ಮೆತ್ತಗೈತಿ ಹಿಟ್ಟು. ಒತ್ತು, ಒತ್ತು.’ ಧಾರವಾಡದ ಮಾತಲ್ಲೇ ಆಡಿ, ಪುಸ್ತಕದ ಕನ್ನಡ ಯಾಕೆ?

ಒಂದು ಪದ ಹೆಚ್ಚಿಸಿ ತಿರುಗಿ ಕೊಡಿ. ಅವನು ‘ಆಲು’ ಅಂದರೆ ನೀವು ‘ಬಿಸಿ ಹಾಲು’. ‘ಬಾ’ ಅಂದರೆ ‘ಅವ್ವ ಬಾ’. ‘ಕೂ’ ಅಂದರೆ ‘ರೈಲು ಬಂತು, ಕೂ’. ಎರಡು ಪದದ ಜೋಡಣೆ ಹುಟ್ಟುವುದು ಹೀಗೆ. ನಿಮ್ಮ ಹತ್ತಿರ ‘ನಕೊ’ ಅಂದರೆ ತಪ್ಪು ಅನ್ನಬೇಡಿ, ‘ಬೇಡಾ? ಆಯ್ತು, ಬೇಡ’ ಅನ್ನಿ. ಅವನು ಮರಾಠಿಯಲ್ಲಿ ಕೊಟ್ಟದ್ದನ್ನು ನೀವು ಕನ್ನಡದಲ್ಲಿ ವಾಪಸ್ ಕೊಟ್ಟಿರಿ.

ಇನ್ನೊಂದು ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಸುಮ್ಮನಿರುವುದು. ಅವನು ಬಾಟಲಿ ಕಡೆ ನೋಡಿದ ತಕ್ಷಣ ನೀರು ಕೊಡುತ್ತೀರಿ, ಅಲ್ವಾ? ಬಾಟಲಿ ಹಿಡಿದು ಅವನ ಮುಖ ನೋಡುತ್ತಾ ಮನಸ್ಸಿನಲ್ಲೇ ಐದು ಎಣಿಸಿ. ಒಂದು ಸದ್ದು ಬಂದರೂ ಸಾಕು, ಕೊಟ್ಟುಬಿಡಿ. ಏನೂ ಬರದಿದ್ದರೆ ‘ನೀರು’ ಅಂತ ನೀವೇ ಹೇಳಿ ಕೊಡಿ. ಅಳಿಸುವವರೆಗೆ ಎಳೆಯಬೇಡಿ. ಕೇಳುವ ಮುಂಚೆಯೇ ಎಲ್ಲ ಸಿಗುವ ಮನೆಯಲ್ಲಿ ಮಗುವಿಗೆ ಮಾತಾಡುವ ದರ್ದೇ ಇರುವುದಿಲ್ಲ. ಒಬ್ಬನೇ ಮೊಮ್ಮಗ ಇರುವ ಮನೆಗಳಲ್ಲಿ ಇದು ಜಾಸ್ತಿ.

ಧಾರವಾಡದ ಅವ್ವನ ವಿಡಿಯೋ ಕಾಲ್ ದಿನಾ ಇರಲಿ. ಅವನ ಪಕ್ಕ ಒಬ್ಬರು ಕೂತಿರಬೇಕು. ಅವ್ವ ಸೌಟು ಬಚ್ಚಿಟ್ಟು ತೆಗೆದು ತೋರಿಸಲಿ, ಕಿಟಕಿಯ ಗುಬ್ಬಿ ತೋರಿಸಲಿ. ಕಾಗಕ್ಕ ಗುಬ್ಬಕ್ಕನ ಕತೆ ಹೇಳಲಿ. ಅದೇ ಕಾಗೆ ಗುಬ್ಬಿಯ ಕತೆ ಮೌಶಿಗೂ ಮರಾಠಿಯಲ್ಲಿ ಬರುತ್ತದೆ, ಕಾಊ ಚಿಊ ಅಂತ. ಅವನ ‘ಕಾಊ’ ಅಲ್ಲಿಂದಲೇ ಬಂದಿರಬೇಕು. ಎರಡು ಭಾಷೆಯಲ್ಲಿ ಒಂದೇ ಕತೆ ಕೇಳುವ ಮಗುವಿಗೆ ನಷ್ಟ ಏನು ಹೇಳಿ?

ಈಗ ಕಾಯಬೇಕಾ, ಥೆರಪಿ ಶುರು ಮಾಡಬೇಕಾ? ಕಿವಿ ಪರೀಕ್ಷೆಗೆ ಕಾಯಬೇಡಿ, ಈ ತಿಂಗಳೇ ಆಗಲಿ. ಥೆರಪಿಗೆ ಈಗಲೇ ಸೇರಿಸಿದರೆ ನಷ್ಟವೇನಿಲ್ಲ, ಸ್ವಲ್ಪ ಹಣ, ಸ್ವಲ್ಪ ಓಡಾಟ. ಆದರೆ ವಾರಕ್ಕೆ ಎರಡು ಸಲ ಅರ್ಧ ಗಂಟೆ ನನ್ನಂಥವಳ ಹತ್ತಿರ ಬಿಟ್ಟು, ಮನೆಯಲ್ಲಿ ಟಿವಿ ಹಾಗೇ ನಡೆದರೆ ಪ್ರಯೋಜನ ಕಡಿಮೆ. ಮೂರು ವರ್ಷದವರೆಗೆ ಕಾದು ನೋಡುವುದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಹೋದ ಆ ಒಂದು ವರ್ಷ ತಿರುಗಿ ಸಿಗುವುದಿಲ್ಲ. ನಾನಾದರೆ ಹೀಗೆ ಮಾಡುತ್ತಿದ್ದೆ: ಕಿವಿ ಪರೀಕ್ಷೆಯ ಜೊತೆಗೇ ಒಂದು ಸಲ ಮಾತಿನ ಪರೀಕ್ಷೆ, ಮನೆಯಲ್ಲಿ ಮೇಲೆ ಹೇಳಿದ ಬದಲಾವಣೆ, ಎರಡು ವರ್ಷ ತುಂಬಿದಾಗ ಮತ್ತೆ ಲೆಕ್ಕ. ಆಗಲೂ ಮಾತು ಹೆಚ್ಚಿಲ್ಲದಿದ್ದರೆ ಅಥವಾ ಪದ ಜೋಡಿಸದಿದ್ದರೆ ಥೆರಪಿ ಶುರು, ಎರಡನೇ ಮಾತಿಲ್ಲ.

ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಕೇಂದ್ರ ಸರ್ಕಾರದ್ದು, ಮಾತು ಮತ್ತು ಕಿವಿಗೆಂದೇ ಇರುವ ಜಾಗ. ನಿಮಗೆ ದಾದರ್‌ನಲ್ಲಿ ಗಾಡಿ ಬದಲಿಸಿದರಾಯಿತು. ಸಾಯನ್, ಕೆಇಎಂ, ನಾಯರ್, ಪಾಲಿಕೆಯ ಈ ದೊಡ್ಡ ಆಸ್ಪತ್ರೆಗಳಲ್ಲೂ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಸಾಲು ಮಾತ್ರ ಉದ್ದ, ಬೆಳಿಗ್ಗೆ ಬೇಗ ಹೋಗಿ. ಖಾಸಗಿಯಾಗಿ ಹೋಗುವುದಾದರೆ ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಕೇಳಿ. ಕೇಳಲು ಸಂಕೋಚ ಬೇಡ. ಕನ್ನಡ ಬರುವ ಥೆರಪಿಸ್ಟ್ ಸಿಗದಿದ್ದರೂ ಚಿಂತೆ ಇಲ್ಲ, ಆದರೆ ‘ಮನೆಭಾಷೆ ನಿಲ್ಲಿಸಿ’ ಅಂತ ಮೊದಲ ದಿನವೇ ಹೇಳುವವರಾದರೆ ಬೇರೆಯವರನ್ನು ಹುಡುಕಿ.

ಹೋಗುವ ಮುಂಚೆ ಒಂದು ವಾರ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಅವನು ಏನು ಅಂದರೂ, ಯಾವ ಭಾಷೆಯಲ್ಲಿ ಅಂದರೂ, ಯಾರು ಕೇಳಿದರೂ ಅದರಲ್ಲಿ ಬರೆಯಲಿ. ಸಾಧ್ಯವಾದರೆ ಆ ದಿನ ಮೌಶಿಯನ್ನೂ ಕರೆದುಕೊಂಡು ಹೋಗಿ. ದಿನದ ಹತ್ತು ಹನ್ನೆರಡು ಗಂಟೆ ಅವನ ಜೊತೆ ಇರುವವರು ಅವರು. ನಿಮ್ಮ ಪಟ್ಟಿಯಲ್ಲಿ ಇಲ್ಲದ ನಾಲ್ಕು ಮಾತು ಅವರಿಗೆ ಗೊತ್ತಿರಬಹುದು.